ಸೈಟಿನ ಮಣ್ಣು ಎಲ್ಲಿಂದ ಬಂತು?

ಎರಡು ವರ್ಷದ ಹಿಂದೆ ಊರ ಮನೆಗೆ ಇನ್ನೊಂದು ರೂಮು, ಒಂದು ಬಾತ್‌ರೂಮು ಸೇರಿಸೋಣ ಅಂತ ಹೊರಟೆವು. ನಮ್ಮೂರು ಹೊನ್ನಾವರ ಪೇಟೆಯಿಂದ ಸ್ವಲ್ಪ ಒಳಗೆ, ಶರಾವತಿ ದಂಡೆಯ ಕಡೆ. ಮನೆ ಇರೋ ಜಾಗ ತಗ್ಗು. ಪಾಯ ಎತ್ತರಿಸದೆ ಹೋದರೆ ಜುಲೈ ತಿಂಗಳಲ್ಲಿ ರೂಮಿನೊಳಗೇ ನೀರು. ಹಾಗಾಗಿ ಮಣ್ಣು ತುಂಬಿಸಬೇಕಿತ್ತು. ನಾನು ಬೆಂಗಳೂರಲ್ಲಿ ಕೂತು ಫೋನಿನಲ್ಲೇ ಮಾತಾಡಿ ಎಂಟು ಲೋಡ್ ಮಣ್ಣಿಗೆ ಹೇಳಿದ್ದೆ. ರೇಟು ಭಾರೀ ಕಮ್ಮಿ ಅನಿಸಿತ್ತು. ಖುಷಿಯಾಗಿತ್ತು.

ಶನಿವಾರ ಬೆಳಿಗ್ಗೆ ನಾನು ಊರಿಗೆ ಬಂದಾಗ ಎರಡು ಲೋಡ್ ಆಗಲೇ ಅಂಗಳದಲ್ಲಿ ಸುರಿದಿತ್ತು. ನಮ್ಮ ಕಡೆ ಮಣ್ಣು ಅಂದರೆ ಕೆಂಪು. ಇದು ಕಪ್ಪು. ಗಾಜಿನ ಚೂರು, ತಂತಿ, ಒಡೆದ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಗ್ಯಾರೇಜಿನ ವಾಸನೆ. ಲಾರಿಯವನನ್ನ ಕೇಳಿದರೆ, "ಪೇಟೆಲಿ ಹಳೇ ಶೆಡ್ ಕೆಡವ್ತಾ ಇದ್ರು ಸಾರ್, ಅಲ್ಲಿಂದು. ಮಣ್ಣಿಗೆ ದುಡ್ಡಿಲ್ಲ, ಬಾಡಿಗೆ ಅಷ್ಟೇ" ಅಂದ. ಆಯಿ ಕೈಯಲ್ಲಿ ಹಿಡಿಸೂಡಿ ಹಿಡ್ಕೊಂಡು ಬಾವಿಕಟ್ಟೆ ಹತ್ತಿರ ನಿಂತಿದ್ದಳು. "ತಮಾ, ಇದು ಮಣ್ಣಲ್ಲ, ಯಾರದ್ದೋ ಕಸ. ಬಾವಿ ಇಲ್ಲೇ ಇದ್ದು, ಕಾಣ್ತಿಲ್ಯಾ ನಿಂಗೆ?" ಅಂದಳು. ಮೇಸ್ತ್ರಿ ಸನಿಕೆಯಲ್ಲಿ ಕೆದಕಿ ಒಂದು ಬೂದು ಬಣ್ಣದ ತಗಡಿನಂಥ ತುಂಡು ಎತ್ತಿ ತೋರಿಸಿದರು. ಹಳೇ ಬ್ಯಾಟರಿಯ ಸೀಸದ ಪ್ಲೇಟು.

ನಾನು ಬಿ.ಇ. ಓದಿದವನು, ಆಯಿ ಏಳನೇ ಕ್ಲಾಸು. ಆ ಮಣ್ಣಿನ ಬಗ್ಗೆ ನನಗೆ ಒಂದೂ ಪ್ರಶ್ನೆ ಹೊಳೆದಿರಲಿಲ್ಲ. ಎರಡೂ ಲೋಡ್ ವಾಪಸ್ ತುಂಬಿಸಿ ಕಳಿಸಿದೆವು. ಆ ರಾತ್ರಿಯಿಂದ ಶುರುವಾದ ಓದು ಇದು. ಕಟ್ಟಡ ಕಟ್ಟೋ ಜಾಗದ ಮಣ್ಣಲ್ಲಿ ವಿಷ ಇರಬಹುದು ಅನ್ನೋದು ಜಗತ್ತಿಗೆ ಯಾವಾಗ ಗೊತ್ತಾಯ್ತು? ಯಾರು ಬೆಲೆ ತೆತ್ತು ಗೊತ್ತಾಯ್ತು? ನಮ್ಮ ರಾಜ್ಯದಲ್ಲಿ ಅದರ ಕಥೆ ಏನು?

ಮೊದಲು ಅಮೆರಿಕದ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಈ ವಿಷಯದ ಕಾನೂನುಗಳ ಬೇರು ಬಹುಮಟ್ಟಿಗೆ ಅಲ್ಲಿದೆ. ನಯಾಗರಾ ಜಲಪಾತದ ಊರಲ್ಲಿ 1890ರ ದಶಕದಲ್ಲಿ ವಿಲಿಯಂ ಲವ್ ಅನ್ನೋ ಮನುಷ್ಯ ಒಂದು ಕಾಲುವೆ ತೋಡಲು ಹೊರಟು ಅರ್ಧಕ್ಕೇ ಬಿಟ್ಟ. 1942ರಿಂದ 1953ರವರೆಗೆ ಹೂಕರ್ ಕೆಮಿಕಲ್ ಕಂಪನಿ ಆ ಹೊಂಡದಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತು, ಮೇಲೆ ಜೇಡಿಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನ ಊರಿನ ಶಾಲಾ ಮಂಡಳಿಗೆ ಒಂದು ಡಾಲರ್‌ಗೆ ಕೊಟ್ಟಿತು. ಪತ್ರದಲ್ಲಿ, ಕೆಳಗೆ ರಾಸಾಯನಿಕ ಇದೆ, ಮುಂದೆ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ ಬರೆದಿತ್ತು. ಶಾಲೆ ಕಟ್ಟಲು ಅಗೆದಾಗ ರಾಸಾಯನಿಕದ ಹೊಂಡ ಸಿಕ್ಕಿತು. ಕೆಲಸ ನಿಲ್ಲಲಿಲ್ಲ, ಕಟ್ಟಡವನ್ನ ಒಂದಷ್ಟು ಅಡಿ ಆಚೆಗೆ ಸರಿಸಿ ಕಟ್ಟಿದರು. ಸುತ್ತ ಮನೆಗಳು ಬಂದವು, ರಸ್ತೆ ಬಂತು, ಒಳಚರಂಡಿ ಪೈಪು ಬಂತು. ಒಂದೊಂದು ಅಗೆತವೂ ಆ ಜೇಡಿಯ ಮುಚ್ಚಳವನ್ನೋ ಪಕ್ಕದ ಗೋಡೆಯನ್ನೋ ಒಡೀತಾ ಹೋಯ್ತು. 1970ರ ದಶಕದಲ್ಲಿ ಜೋರು ಮಳೆ, ಹಿಮ ಬಿದ್ದ ವರ್ಷಗಳಲ್ಲಿ ಕೆಳಗಿನದು ನೆಲಮಾಳಿಗೆಗಳಿಗೆ ಜಿನುಗಿತು. ಲೋಯಿಸ್ ಗಿಬ್ಸ್ ಅನ್ನೋ ಗೃಹಿಣಿ, ಮಗನ ಕಾಯಿಲೆಯಿಂದ ಶುರುಮಾಡಿ ಮನೆಮನೆಗೆ ಹೋಗಿ ಜನರನ್ನ ಕಟ್ಟಿದಳು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಬೇಕಾಯ್ತು. 1980ರ ಡಿಸೆಂಬರ್‌ನಲ್ಲಿ ಸೂಪರ್‌ಫಂಡ್ ಕಾನೂನು ಬಂತು: ಕೊಳೆ ಮಾಡಿದವನೇ ತೊಳೆಯಬೇಕು.

ಅದೇ 1980ರಲ್ಲಿ ನೆದರ್ಲೆಂಡ್ಸ್‌ನ ಲೆಕ್ಕರ್‌ಕೆರ್ಕ್ ಅನ್ನೋ ಸಣ್ಣ ಊರಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮನೆಯವರನ್ನ ಎಬ್ಬಿಸಿ ಬೇರೆ ಕಡೆ ಕಳಿಸಿದರು. ಆ ಬಡಾವಣೆ ಮಾಡುವಾಗ ತಗ್ಗು ಜಾಗಕ್ಕೆ ಮಣ್ಣು ತುಂಬಿಸಿದ್ದರು. ಹೌದು, ನಮ್ಮನೆ ಥರಾನೇ. ತುಂಬಿಸಿದ್ದರಲ್ಲಿ ಕಟ್ಟಡದ ಕಸದ ಜೊತೆ ರಾಸಾಯನಿಕದ ಡ್ರಮ್ಮುಗಳೂ ಇದ್ದವು. ಅವುಗಳ ದ್ರಾವಕ ಮಣ್ಣಿಗಿಳಿದು, ಕುಡಿಯೋ ನೀರಿನ ಪ್ಲಾಸ್ಟಿಕ್ ಪೈಪಿನ ತನಕ ಬಂದಿತ್ತು. ಇದಾದ ಮೇಲೆ ಡಚ್ಚರು ಮಣ್ಣಿಗೋಸ್ಕರವೇ ಕಾನೂನು ಮಾಡಿದರು.

ಈ ಎರಡು ಘಟನೆಗಳಲ್ಲೂ ಕಾಣೋ ಒಂದು ಸರಳ ಯೋಚನೆ ಇದೆ. ಇವತ್ತಿಗೂ ಮಣ್ಣಿನ ಅಪಾಯ ನೋಡೋ ತಜ್ಞರು ಇದರಿಂದಲೇ ಶುರು ಮಾಡೋದು. ವಿಷ, ದಾರಿ, ದೇಹ. ಮಣ್ಣಲ್ಲಿ ವಿಷ ಇರಬೇಕು. ಅದು ಬರೋಕೆ ದಾರಿ ಬೇಕು: ಧೂಳು, ನೀರು, ಆವಿ, ಅಥವಾ ಮಣ್ಣಾದ ಕೈ. ಕೊನೆಗೆ ಒಂದು ದೇಹ ಬೇಕು. ಮೂರೂ ಸೇರಿದರೆ ಮಾತ್ರ ಕಾಯಿಲೆ. ಮೂರರಲ್ಲಿ ಒಂದು ಕೊಂಡಿ ತುಂಡು ಮಾಡಿದರೆ ಬಚಾವ್. ಲವ್ ಕಾಲುವೆಯಲ್ಲಿ ವಿಷ ಹತ್ತಾರು ವರ್ಷ ಅಲ್ಲೇ ಇತ್ತು. ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಬಹಳಮಟ್ಟಿಗೆ ಕಟ್ಟಡ ಕೆಲಸ. ಕನ್‌ಸ್ಟ್ರಕ್ಷನ್ ಸೈಟು ಅಂದರೆ ಇದೇ ಅಪಾಯ: ಸುಮ್ಮನೆ ಮಲಗಿದ್ದನ್ನ ಎಬ್ಬಿಸೋ ಜಾಗ ಅದು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದಲ್ಲಿ ಇದನ್ನ ಕಣ್ಣಾರೆ ನೋಡಬೇಕಂದ್ರೆ ಬೆಂಗಳೂರಿಂದ ನೂರು ಕಿಲೋಮೀಟರ್ ಹೋದರೆ ಸಾಕು. ನೀವು ನೋಡಿಯೂ ಇರ್ತೀರಿ, ಸಿನಿಮಾದಲ್ಲಿ. 'ಕೆ.ಜಿ.ಎಫ್' ಚಿತ್ರದ ಶೂಟಿಂಗ್ ಆದ ಆ ಬೋಳು ದಿಬ್ಬಗಳು ಸೆಟ್ ಅಲ್ಲ. ಅಲ್ಲಿಯವರು ಅವನ್ನ ಸೈನೈಡ್ ದಿಬ್ಬ ಅಂತಲೇ ಕರೀತಾರೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗಳಿಗೆ ಕಾಲಿಟ್ಟಿತು. 1887ರಲ್ಲಿ ಗ್ಲಾಸ್ಗೋದಲ್ಲಿ ಹೊಸ ವಿಧಾನವೊಂದು ಪೇಟೆಂಟ್ ಆಯ್ತು: ಚಿನ್ನದ ಕಲ್ಲನ್ನ ಹಿಟ್ಟಿನಂತೆ ಅರೆದು ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಅದರಲ್ಲಿ ಕರಗುತ್ತೆ. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ಚಿನ್ನದ ಗಣಿಗಳಿಗೆಲ್ಲ ಹಬ್ಬಿತು, ಕೋಲಾರಕ್ಕೂ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಬಿತ್ತು. ನೂರಿಪ್ಪತ್ತು ವರ್ಷದಲ್ಲಿ ತೆಗೆದ ಚಿನ್ನ 800 ಟನ್ ಮೇಲೆ. ಅದನ್ನ ತೆಗೆದು ಉಳಿದ ಅರೆದ ಕಲ್ಲಿನ ಹುಡಿ ಸುಮಾರು 3 ಕೋಟಿ 30 ಲಕ್ಷ ಟನ್. ಚಿನ್ನ ಹೊರಗೆ ಹೋಯ್ತು, ಹುಡಿ ಊರಿನ ಮಧ್ಯೆ ಉಳೀತು.

ನನ್ನ ಟೀಮಿನಲ್ಲೊಬ್ಬ ಅಲ್ಲಿಯವನಿದ್ದಾನೆ. ಅಜ್ಜ, ಅಪ್ಪ ಇಬ್ಬರೂ ಗಣಿಯಲ್ಲಿದ್ದವರು. ಒಮ್ಮೆ ಅವನ ಮನೆಗೆ ಹೋಗಿದ್ದೆ. ಗಾಳಿಗಾಲದಲ್ಲಿ ಒಣಹಾಕಿದ ಬಟ್ಟೆ, ಕಿಟಕಿ ಸರಳು, ಮುಚ್ಚದೆ ಇಟ್ಟ ಸಾರಿನ ಪಾತ್ರೆ, ಎಲ್ಲದರ ಮೇಲೂ ಹಿಟ್ಟಿನಂಥ ಧೂಳು ಕೂರುತ್ತೆ ಅಂತ ಅವನಮ್ಮ ಹೇಳಿದರು. "ಅಭ್ಯಾಸ ಆಗೋಗಿದೆ ಕಣಪ್ಪ" ಅಂದರು.

ಹೆಸರಿನಲ್ಲಿ ಸೈನೈಡ್ ಇರೋದರಿಂದ ನಮಗೆಲ್ಲ ಸೈನೈಡಿನದೇ ಭಯ. ನಿಜ ಏನಪ್ಪಾ ಅಂದರೆ ಸೈನೈಡು ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದು ಹೋಗೋ ವಸ್ತು. ಹೋಗದೆ ಉಳಿಯೋದು ಬೇರೆ. ಕಲ್ಲಿನಲ್ಲಿದ್ದ ಗಂಧಕದ ಖನಿಜಗಳು ಮಳೆ, ಗಾಳಿಗೆ ಸಿಕ್ಕಿ ಆಮ್ಲ ಬಿಡ್ತವೆ. ಆ ಆಮ್ಲ ಲೋಹಗಳನ್ನ ಕರಗಿಸಿ ನೀರಿಗೆ ಒಯ್ಯುತ್ತೆ. ಲೋಹಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ಇನ್ನೊಂದು, ಸಿಲಿಕಾ. ಕಲ್ಲಿನ ನುಣುಪು ಹುಡಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಗಾಯ ಮಾಡಿ ಗಟ್ಟಿ ಮಾಡುತ್ತೆ. ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆಯ ಮೊದಲ ದೊಡ್ಡ ಸಮೀಕ್ಷೆ ವರದಿಯಾದದ್ದು ಇದೇ ಕೋಲಾರದಿಂದ, 1947ರಲ್ಲಿ. ಕ್ಯಾಪ್ಲನ್ ಮತ್ತು ಬರ್ಡನ್ ಅನ್ನೋ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷಿಸಿದಾಗ ಶೇಕಡಾ 40ಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಕಂಡಿತು. ಅದು ಗಣಿಯೊಳಗಿನ ಧೂಳಿನ ಲೆಕ್ಕ, ದಿಬ್ಬದ್ದಲ್ಲ. ಆದರೆ ಬೆಂಗಳೂರಿನ ಸೈಟುಗಳಲ್ಲಿ ಮಾಸ್ಕಿಲ್ಲದೆ ಗ್ರಾನೈಟ್, ಕಾಂಕ್ರೀಟ್ ಕಟ್ ಮಾಡೋ ಹುಡುಗರ ಎದೆಗೆ ಹೋಗ್ತಿರೋದೂ ಇದೇ ಸಿಲಿಕಾ. ಎಂಬತ್ತು ವರ್ಷದ ಹಿಂದೆ ನಮ್ಮ ರಾಜ್ಯಕ್ಕೇ ಗೊತ್ತಿದ್ದ ವಿಷಯ.

ಆ ಹುಡಿಯಿಂದ ಇಟ್ಟಿಗೆ ಮಾಡಬಹುದಾ ಅಂತಲೂ ಯೋಚನೆ ಆಗಿದೆ. ಆಗ ಕೆ.ಜಿ.ಎಫ್‌ನಲ್ಲೇ ಇದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ಸಂಶೋಧಕರು 2007ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸಿಮೆಂಟು ಸೇರಿಸಿ, ಅಥವಾ ಬೇರೆ ಮಣ್ಣು ಸೇರಿಸಿ ಸುಟ್ಟು ನೋಡಿದರು. ಕಸವನ್ನ ಗಟ್ಟಿಯಾಗಿ ಕಟ್ಟಿಹಾಕಿದರೆ ಅದು ಹಾರಲ್ಲ, ಅಂದರೆ ದಾರಿ ತುಂಡಾಗುತ್ತೆ. ತಾಂತ್ರಿಕವಾಗಿ ಒಳ್ಳೇ ಯೋಚನೆ. ಆದರೆ ಅದು ಪರೀಕ್ಷೆ ಮಾಡಿ, ಅಳೆದು ಮಾಡೋ ಕೆಲಸ. ಯಾವುದೋ ದಿಬ್ಬದಿಂದ ಟ್ರ್ಯಾಕ್ಟರ್‌ನಲ್ಲಿ ತುಂಬಿಕೊಂಡು ಹೋಗಿ ಮನೆ ಪಾಯಕ್ಕೆ ಸುರಿಯೋದು ಬೇರೆ.

ನಮ್ಮ ಕರಾವಳಿಯೇನು ಶುದ್ಧ ಅಂತ ಬೀಗೋ ಹಾಗಿಲ್ಲ. ನಮ್ಮದೇ ಜಿಲ್ಲೆಯ ಕಾರವಾರದ ಪಕ್ಕ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಉಪ್ಪುನೀರಿಗೆ ಕರೆಂಟು ಹಾಯಿಸಿ ಕಾಸ್ಟಿಕ್ ಸೋಡಾ ಮಾಡೋ ಹಳೆಯ ವಿಧಾನದಲ್ಲಿ ಪಾದರಸ ಬಳಸ್ತಿದ್ದರು. 1990ರಲ್ಲಿ ಕೃಷ್ಣಕುಮಾರ್ ಮತ್ತು ಪಿಳ್ಳೈ ಅನ್ನೋ ವಿಜ್ಞಾನಿಗಳು ಕಾರವಾರದ ಕಾಸ್ಟಿಕ್ ಸೋಡಾ ಘಟಕದ ಸುತ್ತಲಿನ ಪಾದರಸದ ಬಗ್ಗೆ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು. 2003ರ ಹೊತ್ತಿಗೆ ದೇಶದ ಉದ್ಯಮಗಳು ಪಾದರಸದ ವಿಧಾನ ಬಿಟ್ಟು ಮೆಂಬ್ರೇನ್ ವಿಧಾನಕ್ಕೆ ಹೋಗೋದಾಗಿ ಸರ್ಕಾರದ ಜೊತೆ ಒಪ್ಪಿಕೊಂಡವು. ನಾನು ಶಾಲೆಯಲ್ಲಿದ್ದಾಗ ಟೂರಿಗೆ ಕಾರವಾರದ ಬೀಚಿಗೆ ಹೋಗಿದ್ದೆವು. ಇದ್ಯಾವುದೂ ನಮಗೆ ಯಾರೂ ಹೇಳಿರಲಿಲ್ಲ.

ಪಾದರಸ ಅಂದಾಗ ಕೊಡೈಕೆನಾಲ್ ನೆನಪಾಗಲೇಬೇಕು. ಅಲ್ಲಿಯ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜಿನ ಕಸ 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ವಾಪಸ್ ಅಮೆರಿಕಕ್ಕೇ ಹಡಗು ಹತ್ತಿತು. ಮಾಜಿ ಕಾರ್ಮಿಕರಿಗೆ ಕಂಪನಿಯ ಜೊತೆ ಒಪ್ಪಂದವಾಗಿ ಪರಿಹಾರ ಸಿಗೋ ಹೊತ್ತಿಗೆ 2016. ಅಷ್ಟಾದ ಮೇಲೂ ಮಣ್ಣಿನ ಜಗಳ ಮುಗಿಯಲಿಲ್ಲ. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯೋವರೆಗೆ ತೊಳೆದರೆ ಸಾಕು ಅಂತ ಒಂದು ಕಡೆ. ಪಕ್ಕದಲ್ಲೇ ಶೋಲಾ ಕಾಡು, ಕೆಳಗೆ ಹೊಳೆ, ಅಷ್ಟು ಸಾಲದು ಅಂತ ಇನ್ನೊಂದು ಕಡೆ. 'ಕ್ಲೀನ್' ಅಂದರೆ ಎಷ್ಟು ಕ್ಲೀನ್? ಇದಕ್ಕೆ ಒಂದೇ ಉತ್ತರ ಇಲ್ಲ. ಮೇಲೆ ಗೋಡೌನ್ ಬರುತ್ತಾ, ಅಪಾರ್ಟ್‌ಮೆಂಟ್ ಬರುತ್ತಾ, ಅಂಗನವಾಡಿ ಬರುತ್ತಾ ಅನ್ನೋದರ ಮೇಲೆ ಅಳತೆ ಬದಲಾಗಬೇಕು.

ಅಂಗನವಾಡಿ ಅಂತ ಸುಮ್ಮನೆ ಹೇಳಲಿಲ್ಲ. ನಮ್ಮ ಅಂಗಳಕ್ಕೆ ಬಂದ ಸೀಸದ ಪ್ಲೇಟಿಗೆ ವಾಪಸ್ ಬರ್ತೀನಿ. ಸೀಸದಲ್ಲಿ ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಪ್ರಮಾಣದ ಸೀಸ ನುಂಗಿದರೂ ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಜೊತೆಗೆ ಮಕ್ಕಳು ಮಣ್ಣಾದ ಕೈ ಬಾಯಿಗೆ ಹಾಕ್ತಾರೆ. ಸೆನೆಗಲ್ ದೇಶದ ಡಕಾರ್ ಹತ್ತಿರ ಥಿಯಾರೋಯ್ ಅನ್ನೋ ಕಡೆ ಹಳೇ ಬ್ಯಾಟರಿ ಒಡೆದು ಸೀಸ ತೆಗೀತಿದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ವಿಷ ಆ ಮರಳಲ್ಲಿತ್ತು, ಮನೆಯ ಧೂಳಲ್ಲಿತ್ತು.

ಈಗ ನಮ್ಮ ಆಫೀಸಿನ ಕಿಟಕಿಯಿಂದ ಕಾಣೋ ಸೈಟು ನೋಡಿ. ಹಳೇ ಕೈಗಾರಿಕೆಯ ಜಾಗಗಳು ಒಂದೊಂದಾಗಿ ಅಪಾರ್ಟ್‌ಮೆಂಟು, ಟೆಕ್ ಪಾರ್ಕು ಆಗ್ತಿವೆ. ಎಲ್ಲ ಜಾಗದ ಮಣ್ಣೂ ಕೆಟ್ಟಿದೆ ಅಂತ ಅಲ್ಲ. ಆದರೆ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರೋದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಲೋಹಕ್ಕೆ ಹೊಳಪು ಕೊಡೋ ಎಲೆಕ್ಟ್ರೋಪ್ಲೇಟಿಂಗ್ ಕೆಲಸದಲ್ಲಿ ಬಳಸೋ ವಸ್ತು ಅದು. ಪೆಟ್ರೋಲ್ ಬಂಕ್, ಗ್ಯಾರೇಜ್, ಡೈಯಿಂಗ್ ಘಟಕ, ಬ್ಯಾಟರಿ ಅಂಗಡಿ, ಚರ್ಮ ಹದ ಮಾಡೋ ಜಾಗ, ಇವೆಲ್ಲ ತಮ್ಮ ಗುರುತು ನೆಲದಲ್ಲಿ ಬಿಟ್ಟು ಹೋಗೋ ಸಾಧ್ಯತೆ ಇರೋ ಕಸುಬುಗಳು. ಅಲ್ಲಿ ಪಾಯ ಅಗೆಯುವಾಗ ಮೊದಲು ಆ ಮಣ್ಣು ಮುಟ್ಟೋರು ನಾವಲ್ಲ. ಯಾದಗಿರಿಯಿಂದ, ರಾಯಚೂರಿನಿಂದ, ಒಡಿಶಾದಿಂದ ಬಂದವರು. ಅವರ ತಗಡಿನ ಶೆಡ್ಡು ಅದೇ ಸೈಟಿನ ಮೂಲೆಯಲ್ಲಿ. ಅವರ ಮಕ್ಕಳು ಆಡೋದು ಅದೇ ಮಣ್ಣಿನ ಗುಡ್ಡೆ ಮೇಲೆ. ನಾವು ಗೃಹಪ್ರವೇಶಕ್ಕೆ ಹೋಗೋ ಹೊತ್ತಿಗೆ ನೆಲಕ್ಕೆ ಟೈಲ್ಸ್ ಬಿದ್ದಿರುತ್ತೆ, ನಮ್ಮ ಮಟ್ಟಿಗೆ ದಾರಿ ಮುಚ್ಚಿರುತ್ತೆ.

ಹಾಗಾದರೆ ಸರಿಯಾಗಿ ಮಾಡೋದು ಹೇಗೆ? ಇದೇನು ರಾಕೆಟ್ ವಿಜ್ಞಾನ ಅಲ್ಲ. ಹಳೇ ಕೋಡ್ ಮುಟ್ಟೋ ಮುಂಚೆ ನಾವು ಅದರ ಹಿಸ್ಟರಿ ನೋಡ್ತೀವಲ್ಲ, ಹಾಗೆ ಮೊದಲು ಜಾಗದ ಇತಿಹಾಸ. ಮೂವತ್ತು, ಐವತ್ತು ವರ್ಷದ ಹಿಂದೆ ಇಲ್ಲೇನಿತ್ತು? ಹಳೇ ನಕ್ಷೆ, ಕಂದಾಯ ದಾಖಲೆ, ಮತ್ತೆ ಪಕ್ಕದ ಬೀದಿಯ ವಯಸ್ಸಾದವರು. ಅನುಮಾನ ಬಂದರೆ ಚೌಕ ಚೌಕವಾಗಿ ಗುರುತು ಹಾಕಿ, ಬೇರೆ ಬೇರೆ ಆಳದಿಂದ ಮಣ್ಣು ತೆಗೆದು ಲ್ಯಾಬಿಗೆ ಕಳಿಸಬೇಕು. ಕೆಟ್ಟ ಮಣ್ಣು ಸಿಕ್ಕಿದರೆ ಒಳ್ಳೇದರ ಜೊತೆ ಕಲಸಬಾರದು. ಬೇರೆ ಗುಡ್ಡೆ ಮಾಡಿ, ಕೆಳಗೆ ಮೇಲೆ ಶೀಟು ಹಾಕಿ, ಅಪಾಯಕಾರಿ ತ್ಯಾಜ್ಯಕ್ಕೆ ಅಂತಲೇ ಇರೋ ಜಾಗಕ್ಕೆ ಕಳಿಸಬೇಕು. ಅಗೆಯುವಾಗ ನೀರು ಸಿಂಪಡಿಸಬೇಕು, ಲಾರಿಗೆ ಟಾರ್ಪಾಲು ಹಾಕಬೇಕು, ಗೇಟು ದಾಟೋ ಮುಂಚೆ ಚಕ್ರ ತೊಳೀಬೇಕು. ಕೆಲಸದವರಿಗೆ ಗ್ಲೌಸು, ಬೂಟು, ಮಾಸ್ಕು. ಊಟದ ಜಾಗ ಬೇರೆ, ಊಟಕ್ಕೆ ಮುಂಚೆ ಸೋಪು, ನೀರು. ಕೆಲಸದ ಬಟ್ಟೆ ಶೆಡ್ಡಿಗೆ ಹೋಗಬಾರದು. ಶೆಡ್ಡೇ ಆ ಮಣ್ಣಿನ ಮೇಲೆ ಇರಬಾರದು. ಇದರಲ್ಲಿ ದುಬಾರಿ ಅನ್ನೋದು ಲ್ಯಾಬು, ಸಾಗಾಣಿಕೆ ಎರಡೇ. ಸೋಪು, ನೀರು, ಟಾರ್ಪಾಲು ದುಬಾರಿ ಅಲ್ಲ.

ಕಾನೂನಿನ ಕಡೆಯಿಂದ ಒಂದು ಒಳ್ಳೇ ಸುದ್ದಿ ಬಂತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆ ಅಂತಲೇ ಮೊದಲ ಸಲ ನಿಯಮ ತಂದಿತು. ಜಿಲ್ಲಾಡಳಿತ, ಸ್ಥಳೀಯ ಸಂಸ್ಥೆಗಳು ಅನುಮಾನದ ಜಾಗಗಳ ಪಟ್ಟಿ ಆರು ತಿಂಗಳಿಗೊಮ್ಮೆ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ, ಮತ್ತೆ 90 ದಿನದಲ್ಲಿ ವಿವರವಾದ ಪರೀಕ್ಷೆ ಮಾಡಬೇಕು. ಖರ್ಚು ಮಾಲಿನ್ಯ ಮಾಡಿದವನದು. ಆ ಹೊತ್ತಿಗೆ ದೇಶದಲ್ಲಿ ಗುರುತಾಗಿದ್ದ ಇಂಥ ತಾಣ 103, ಶುದ್ಧಿ ಕೆಲಸ ಶುರುವಾಗಿದ್ದು 7ರಲ್ಲಿ. ಆದರೆ ಓದ್ತಾ ಹೋದಾಗ ಒಂದು ಸಾಲಿನಲ್ಲಿ ನಿಂತೆ. ಗಣಿಗಾರಿಕೆಯಿಂದ ಆದ ಮಾಲಿನ್ಯ, ಕಸದ ಡಂಪಿಂಗ್ ಯಾರ್ಡುಗಳ ಮಾಲಿನ್ಯ ಬೇರೆ ಕಾನೂನುಗಳ ಕೆಳಗೆ ಬರೋದರಿಂದ ಸಾಮಾನ್ಯವಾಗಿ ಈ ನಿಯಮದ ಹೊರಗೆ. ಅಂದರೆ ನನ್ನ ಗೆಳೆಯನ ಮನೆಯ ಸಾರಿನ ಪಾತ್ರೆ ಮೇಲೆ ಕೂರೋ ಧೂಳಿಗೆ ಈ ನಿಯಮದಿಂದ ನೇರ ಉತ್ತರ ಇಲ್ಲ. ಅವನಿಗೆ ಹೇಳಿದೆ. "ನಮ್ಮಮ್ಮನಿಗೆ ಅಭ್ಯಾಸ ಆಗಿದೆ, ಬಿಡು" ಅಂದ.

ಇನ್ನು ನಮ್ಮೂರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಹೊನ್ನಾವರದ ಮೇಲೆ ಹಾದು ಹೋಗಿದ್ದ. ನಮ್ಮ ಚಿರೆಕಲ್ಲಿಗೆ ಜಗತ್ತು ಇವತ್ತು ಕರೆಯೋ ಲ್ಯಾಟರೈಟ್ ಅನ್ನೋ ಹೆಸರು ಕೊಟ್ಟವನು ಅವನೇ. ಮಲಬಾರಿನಲ್ಲಿ ಅದನ್ನ ನೋಡಿ, ಇಟ್ಟಿಗೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಮಾಡಿದ ಹೆಸರು. ಕಡಿದು ಬಿಸಿಲಿಗಿಟ್ಟರೆ ಗಟ್ಟಿಯಾಗೋ ಈ ಕಲ್ಲಿನ ಮೈ ತುಂಬ ತೂತು. ಮಳೆ ಬಿದ್ದರೆ ನೀರು ಸಲೀಸಾಗಿ ಕೆಳಗಿಳಿದು ಬಾವಿ ಸೇರುತ್ತೆ. ನಮ್ಮೂರ ಬಾವಿಗಳು ಮಳೆಗಾಲದಲ್ಲಿ ಬಗ್ಗಿ ಕೊಡದಲ್ಲಿ ಮೊಗೆಯೋ ಹಾಗೆ ತುಂಬೋದು ಅದಕ್ಕೇ. ಅದೇ ತೂತಿನಲ್ಲಿ ಆಯಿಲ್ ಇಳಿಯುತ್ತೆ, ಸೀಸ ಮೆತ್ತಿದ ಮಣ್ಣು ತೊಳೆದ ನೀರೂ ಇಳಿಯುತ್ತೆ. ಇವತ್ತು ಹೆದ್ದಾರಿ ಪಕ್ಕದ ಗದ್ದೆ, ಗಜನಿಗಳೆಲ್ಲ ತುಂಬಿ ಸೈಟು ಆಗ್ತಿವೆ. ತುಂಬಿಸೋಕೆ ಬರ್ತಿರೋದು ಗುಡ್ಡದ ಕೆಂಪು ಮಣ್ಣೋ, ಪೇಟೆಯ ಕಪ್ಪು ಮಣ್ಣೋ ಅಂತ ಕೇಳೋರು ಯಾರು? ಲಾರಿಯವನಿಗೆ ಬಾಡಿಗೆ ಸಿಗಬೇಕು, ಕೆಡವಿದವನಿಗೆ ಜಾಗ ಖಾಲಿ ಆಗಬೇಕು, ಕಟ್ಟೋರಿಗೆ ಅಗ್ಗದಲ್ಲಿ ತುಂಬಬೇಕು. ಮೂವರಿಗೂ ಲಾಭ. ನಾನೂ ಆ ಮೂವರಲ್ಲಿ ಒಬ್ಬನಾಗಿದ್ದೆ.

ಫ್ಲ್ಯಾಟ್ ನೋಡೋಕೆ ಹೋದಾಗ ನಾವು ಕಾರ್ಪೆಟ್ ಏರಿಯಾ ಕೇಳ್ತೀವಿ, ಖಾತಾ ಕೇಳ್ತೀವಿ, ಕಾವೇರಿ ನೀರು ಕೇಳ್ತೀವಿ. ಇನ್ನೆರಡು ಪ್ರಶ್ನೆ ಸೇರಿಸಿ. ಇಲ್ಲಿ ಮುಂಚೆ ಏನಿತ್ತು? ಅಗೆದ ಮಣ್ಣು ಎಲ್ಲಿಗೆ ಹೋಯ್ತು? ಮೊದಲನೆಯದು ನಿಮಗೋಸ್ಕರ. ಎರಡನೆಯದು ನೀವು ನೋಡದೇ ಇರೋರಿಗೋಸ್ಕರ.

ನಮ್ಮ ಹೊಸ ರೂಮು ಆಯ್ತು. ಗುಡ್ಡದ ಕೆಂಪು ಮಣ್ಣು, ಜಾಸ್ತಿ ರೇಟು. ಕಪ್ಪು ಮಣ್ಣು ಬಿದ್ದ ಜಾಗದ ಮೇಲ್ಮೈಯನ್ನೂ ಮೇಸ್ತ್ರಿ ಒಂದಡಿ ಕೆರೆದು ತೆಗೆಸಿದರು. ಬಾವಿ ನೀರು ಲ್ಯಾಬಿಗೆ ಕಳಿಸಿದ್ದೆ, ಸರಿ ಇದೆ ಅಂತ ಬಂತು. ಎಲ್ಲ ಮುಗಿದು ಬೆಂಗಳೂರಿಗೆ ಹೊರಡೋ ದಿನ ಆಯಿ ಕೇಳಿದಳು, "ನಾವು ವಾಪಸ್ ಕಳ್ಸಿದ್ವಲ, ಆ ಎರಡು ಲೋಡು, ಅದನ್ನ ಎಲ್ಲಿ ಹಾಕಿದ್ನಡಾ ಅಂವ?"

ಲಾರಿಯವನಿಗೆ ಫೋನ್ ಮಾಡಿದೆ. "ಓ ಅದಾ ಸಾರ್, ಅವತ್ತೇ ಹೋಯ್ತು. ಬೇರೆಯವರು ತಗೊಂಡ್ರು" ಅಂದ.